ಸೆನೆಟ್ ಬಾಗಿಲಿನ ಬಾಡಿಗೆ ಕಾಲುಗಳು

ರೂಫಸ್ ಪೆಟ್ಟವೇ ಒಮ್ಮೆ ಸರತಿಯಲ್ಲಿ ಎಷ್ಟು ಹೊತ್ತು ಅಲುಗಾಡದೆ ನಿಂತಿದ್ದನೆಂದರೆ, ಅವನ ಟೋಪಿಯ ಮೇಲೆ ಪಾರಿವಾಳವೊಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ, ಆ ಮರಿಗಳಿಗೆ ರೆಕ್ಕೆ ಬಲಿತು ಅವು ಸುಪ್ರೀಂ ಕೋರ್ಟಿನ ಕಡೆಗೆ ಹಾರಿಹೋದ ಮೇಲೆಯೇ ಅವನು ತಲೆ ತುರಿಸಿಕೊಂಡದ್ದು. ಇದನ್ನು ನಂಬದವರು ವಾಷಿಂಗ್ಟನ್ನಿನಲ್ಲಿ ಬಹಳ ಜನ ಇದ್ದಾರೆ. ಅವರು ಯಾರೂ ಆ ದಿನ ಅಲ್ಲಿರಲಿಲ್ಲ ಎನ್ನುವುದು ರೂಫಸ್‌ನ ವಾದ.

ನಿಲ್ಲುವುದೇ ಅವನ ಕಸುಬು. ಸೆನೆಟ್ ಕಚೇರಿಯ ಕಟ್ಟಡದಲ್ಲಿ ಯಾವುದಾದರೂ ಮಸೂದೆಯ ಮೇಲೆ ಬಹಿರಂಗ ವಿಚಾರಣೆ ನಡೆದರೆ ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು. ಮೊದಲು ಬಂದವರಿಗೆ ಮೊದಲ ಕುರ್ಚಿ. ಕುರ್ಚಿಗಳೋ ಬೆರಳೆಣಿಕೆಯಷ್ಟು. ಕಂಪನಿಗಳ ಪರವಾಗಿ ಸೆನೆಟರುಗಳ ಕಿವಿಯೂದುವ ಸೂಟಿನವರಿಗೆ ಆ ಕುರ್ಚಿಗಳು ಬೇಕು, ಆದರೆ ಕೋಳಿ ಕೂಗುವ ಮೊದಲೇ ಬಂದು ನಿಲ್ಲುವ ಕಾಲು ಅವರಿಗಿಲ್ಲ. ಆದ್ದರಿಂದ ಕಾಲುಗಳನ್ನು ಬಾಡಿಗೆಗೆ ಹಿಡಿಯುತ್ತಾರೆ. ಅವರ ಬದಲಿಗೆ ಬಂದು ನಿಂತು, ಬಾಗಿಲು ತೆರೆಯುವ ಹೊತ್ತಿಗೆ ಜಾಗ ಬಿಟ್ಟುಕೊಟ್ಟು, ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆದು ಹೋಗುವವರ ದೊಡ್ಡ ಬಳಗವೇ ಆ ಊರಿನಲ್ಲಿದೆ. ನಿವೃತ್ತ ಬಸ್ ಚಾಲಕರು, ಸೈಕಲ್ಲಿನ ಮೇಲೆ ಪಾರ್ಸೆಲ್ ಒಯ್ಯುವವರು, ನಿರ್ಗತಿಕರ ತಂಗುದಾಣದಲ್ಲಿ ಮಲಗಿ ಎದ್ದವರು. ರೂಫಸ್ ಆ ಬಳಗದ ಭೀಷ್ಮ. ಕಾಲು ನೋಯುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ತನ್ನ ಬಲಗಾಲು ರಿಪಬ್ಲಿಕನ್ನು, ಎಡಗಾಲು ಡೆಮಾಕ್ರಾಟು, ಒಂದು ದಣಿದಾಗ ಇನ್ನೊಂದು ಅಧಿಕಾರ ವಹಿಸಿಕೊಳ್ಳುತ್ತದೆ ಎನ್ನುತ್ತಿದ್ದ.

ಆ ದಿನದ ವಿಚಾರಣೆ ಸಾಲ ಕೊಡುವವರ ಕೈಯಿಂದ ಜನರನ್ನು ಕಾಯುವ ಸರ್ಕಾರಿ ಕಚೇರಿಯೊಂದರ ಮೇಲೆ. ಬ್ಯಾಂಕು ಸುಳ್ಳು ದಂಡ ಹಾಕಿದರೆ, ವಸೂಲಿಯವರು ಸತ್ತವರ ಹೆಸರಿನಲ್ಲಿ ಬದುಕಿದವರನ್ನು ಕಾಡಿದರೆ, ಹೋಗಿ ದೂರು ಹೇಳಿಕೊಳ್ಳಲು ಇದ್ದ ಒಂದೇ ಜಾಗ ಅದು. ಹುಟ್ಟಿದ ದಿನದಿಂದ ಕತ್ತೆ ಗುರುತಿನ ಡೆಮಾಕ್ರಾಟ್ ಪಕ್ಷದವರು ಅದನ್ನು ತೊಟ್ಟಿಲಲ್ಲಿಟ್ಟು ತೂಗುತ್ತಿದ್ದರು, ಆನೆ ಗುರುತಿನ ರಿಪಬ್ಲಿಕನ್ ಪಕ್ಷದವರು ತೊಟ್ಟಿಲಿನ ಹಗ್ಗ ಕೊಯ್ಯುತ್ತಿದ್ದರು. ಶ್ವೇತಭವನದ ಯಜಮಾನರು ಬದಲಾದಂತೆಲ್ಲ ಕಚೇರಿಯ ಹಣೆಬರಹವೂ ಬದಲಾಗುತ್ತಿತ್ತು. ಅದರ ನಾಮಫಲಕವನ್ನು ಹಾಕಿ ಕಿತ್ತು, ಕಿತ್ತು ಹಾಕಿ, ಗೋಡೆಯಲ್ಲಿ ಎಂಥ ತೂತು ಬಿದ್ದಿತ್ತೆಂದರೆ ಒಮ್ಮೆ ಅದರೊಳಗಿಂದ ಪ್ರಯಾಣಿಕರ ಸಮೇತ ಬಸ್ಸೊಂದು ಹಾದುಹೋಯಿತು. ಬಸ್ಸಿನ ಮಾತು ಹಾಗಿರಲಿ, ಆ ಚಳಿಗಾಲದಲ್ಲಿ ಕಚೇರಿಗೆ ಬೀಗ ಬಿದ್ದದ್ದಂತೂ ನಿಜ. ನೌಕರರನ್ನು ಮನೆಗೆ ಕಳುಹಿಸಿ, ಯಾವ ಕೆಲಸವನ್ನೂ ಮಾಡಕೂಡದು, ಫೋನನ್ನೂ ಎತ್ತಕೂಡದು ಎಂದು ಅಪ್ಪಣೆಯಾಗಿತ್ತು. ಈಗ ಅದನ್ನು ಬುಡಸಮೇತ ತೆಗೆದುಹಾಕುವ ಮಸೂದೆ ಸಮಿತಿಯ ಮುಂದೆ ಬಂದಿತ್ತು.

ರೂಫಸ್‌ಗೆ ಇದರಲ್ಲಿ ಯಾವ ಪಕ್ಷವೂ ಇರಲಿಲ್ಲ. ಅಂದು ಅವನ ಕಾಲುಗಳನ್ನು ಹಿಡಿದಿದ್ದವರು ಸಾಲದಂಗಡಿಗಳ ಸಂಘದವರು. ಹಿಂದಿನ ವಾರ ವಿಮಾನದವರು, ಅದರ ಹಿಂದಿನ ವಾರ ಕೋಳಿ ಸಾಕುವವರು.

"ನಿಲ್ಲೋನಿಗೆ ಅಭಿಪ್ರಾಯ ಇರಬಾರದು ಕಣೋ, ಮೊಣಕಾಲು ಇರಬೇಕು," ಎಂದು ಅವನು ತನ್ನ ಮುಂದಿನ ಜಾಗದಲ್ಲಿದ್ದ ಕ್ಲೀಟಸ್‌ಗೆ ಹೇಳಿದ.

ಕ್ಲೀಟಸ್ ಅವನ ಹಳೆಯ ಜೊತೆಗಾರ. ಒಣಕಲು ಮನುಷ್ಯ, ಮಡಚುವ ಕುರ್ಚಿಯ ಮೇಲೆ ಕುಳಿತು ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. "ನಿನಗೆ ಎರಡೂ ಇದೆ, ಜೊತೆಗೆ ಬಾಯೂ ಇದೆ," ಅಂದ. "ಇವತ್ತು ಇಡೀ ಸರತೀನೇ ಸಂಘದೋರು ತಗೊಂಡಿದಾರೆ. ಒಂದು ಕುರ್ಚೀನೂ ಬೇರೆಯೋರಿಗೆ ಸಿಗಬಾರದು ಅಂತ."

"ಬುದ್ಧಿವಂತರು."

"ದುಡ್ಡಿರೋರು."

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಒಂದು ಹಳದಿ ಟೋಪಿ ಹೊರಗೆ ಬಂತು. ಅದು ಪೂರ್ತಿ ಹೊರಗೆ ಬರುವುದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು. ಬೇಸಿಗೆಯಲ್ಲಿ ಅದರ ನೆರಳಿಗೆ ಒಂದು ಶಾಲೆಯನ್ನೇ ಕೂರಿಸಬಹುದಿತ್ತು. ಮೇಲೆ ರಿಬ್ಬನ್ನಿನ ಗುಲಾಬಿ, ಪಕ್ಕದಲ್ಲಿ ಗರಿ. ಅದರ ಹಿಂದೆಯೇ, ಅದರ ಕೆಳಗೆ, ವರ್ಲೀನ್ ಟಿಸ್ಡೇಲ್ ಬಂದರು. ಎಪ್ಪತ್ತು ದಾಟಿದ ಹೆಂಗಸು. ಭಾನುವಾರದ ಚರ್ಚಿಗೆ ಹೊರಟಂತೆ ಸಿಂಗರಿಸಿಕೊಂಡಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಬುಟ್ಟಿ. ದಕ್ಷಿಣದ ಪೈನಿ ಫೋರ್ಡ್ ಎಂಬ ಊರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದಿದ್ದ ಅವರು, ಸರತಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿ ನಿಂತಲ್ಲೇ ನಿಂತುಬಿಟ್ಟರು.

ಅವರು ಕಂಡದ್ದು ಇಷ್ಟು: ಮಾಸಿದ ಕೋಟಿನವರು, ಹರಿದ ಬೂಟಿನವರು, ಹೆಚ್ಚಿನವರು ತಮ್ಮ ಹಾಗೆ ಕಪ್ಪು ಜನ, ಬೆಳಗಿನ ಜಾವದಿಂದ ಕಂಬಳಿ ಹೊದ್ದು ಆ ಕಚೇರಿಯ ವಿಚಾರಣೆಗಾಗಿ ಕಾಯುತ್ತಿದ್ದಾರೆ. ಅವರು ಅಂದುಕೊಂಡದ್ದೂ ಅಷ್ಟೇ ಸರಳ. ತಮ್ಮ ಹಾಗೆಯೇ ಇವರೆಲ್ಲ ಆ ಕಚೇರಿಯಿಂದ ಉಪಕಾರ ಪಡೆದವರು; ಅದನ್ನು ಉಳಿಸಲು ಬಂದವರು.

"ದೇವರು ದೊಡ್ಡೋನು," ಅಂದರು ವರ್ಲೀನ್. ಕಣ್ಣು ತುಂಬಿ ಬಂದಿತ್ತು. "ನಾನೊಬ್ಬಳೇ ಬರ್ತಿದೀನಿ ಅಂತ ದಾರಿಯುದ್ದಕ್ಕೂ ಅಂದ್ಕೊಂಡೆ. ನೀವೆಲ್ಲ ಇದ್ದೀರಲ್ಲಪ್ಪ."

ಸರತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಒಬ್ಬರು ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಆದರೆ ವರ್ಲೀನ್ ಬುಟ್ಟಿಯ ಮೇಲಿನ ಬಟ್ಟೆ ತೆಗೆದರು. ಬೆಣ್ಣೆ ಹಚ್ಚಿ, ಒಳಗೆ ಹಂದಿಮಾಂಸದ ಹ್ಯಾಮ್ ಇಟ್ಟ ಮೆತ್ತನೆಯ ಬನ್ನುಗಳ ವಾಸನೆ ಮೇಲೆದ್ದಿತು. ಆ ವಾಸನೆಗೆ ಗೋಡೆಯ ಮೇಲಿನ ಹಳೆಯ ಸೆನೆಟರುಗಳ ಚಿತ್ರಗಳೂ ತುಟಿ ಸವರಿಕೊಂಡವು. ಅದಾದ ಮೇಲೆ ನಿಜ ಹೇಳುವವರು ಯಾರು?

ಅವರು ಒಬ್ಬೊಬ್ಬರಿಗೂ ಬನ್ನು ಕೊಡುತ್ತಾ, ಭುಜ ತಟ್ಟುತ್ತಾ ಮುಂದೆ ಬಂದರು. "ಮಿಸ್ ವರ್ಲೀನ್ ಅಂತ ಕರೀರಿ ನನ್ನ. ನಮ್ಮೂರಲ್ಲಿ ಎಲ್ರೂ ಹಾಗೇ ಕರೆಯೋದು." ರೂಫಸ್‌ನ ಮುಂದೆ ಬಂದು ನಿಂತು, ಅವನ ಮುಖ ನೋಡಿ, ಮೆಲ್ಲಗೆ ಕೇಳಿದರು: "ನಿನ್ನಿಂದ ಏನು ಕಿತ್ಕೊಂಡ್ರು, ಮಗಾ?"

ಇಂಥ ಪ್ರಶ್ನೆಯನ್ನು ರೂಫಸ್‌ಗೆ ಕೇಳಬಾರದಿತ್ತು. ಕಾವಲಿಲ್ಲದ ಗದ್ದೆ ಕಂಡ ಎಮ್ಮೆಯ ಹಾಗೆ ಅವನ ನಾಲಿಗೆ ಹಗ್ಗ ಬಿಚ್ಚಿಕೊಂಡಿತು.

"ಮನೆ, ತಾಯಿ," ಅಂದ. "ಮೂರಂತಸ್ತಿನ ಮನೆ. ಮುಂದೆ ಜಗಲಿ, ಜಗಲೀಲಿ ಉಯ್ಯಾಲೆ. ನಾನು ಉಯ್ಯಾಲೆ ಮೇಲೆ ಕೂತಿದ್ದ ಹಾಗೇ ಕೆಳಗಿಂದ ಮನೆ ಎಳ್ಕೊಂಡು ಹೋದ್ರು."

"ಅಯ್ಯೋ ನನ್ನಪ್ಪ."

"ನಾಯೀನೂ ಜಪ್ತಿ ಮಾಡಿದ್ರು. ಸಾಲದ ಪತ್ರಕ್ಕೆ ನಾಯಿ ಸಹಿ ಹಾಕಿಲ್ಲ ಕಣ್ರಯ್ಯ ಅಂತ ಎಷ್ಟು ಬಡ್ಕೊಂಡ್ರೂ ಕೇಳಲಿಲ್ಲ."

ಕ್ಲೀಟಸ್‌ಗೆ ಬನ್ನು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

"ಆಮೇಲೆ?" ಅಂದರು ವರ್ಲೀನ್.

"ಆಮೇಲೇನು, ಈ ಕಚೇರಿಗೆ ಒಂದು ಫೋನ್ ಮಾಡಿದೆ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ನಾಯಿ ಬಂದು ನಿಂತಿದೆ. ಬಾಯಲ್ಲಿ ಮನೆ ಬೀಗದ ಕೈ."

ಇಲ್ಲಿ ಕೇಳುವವರು ನಗಬೇಕು, ಅದು ವಾಡಿಕೆ. ವರ್ಲೀನ್ ನಗಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

"ಹೆಸರೇನು ನಾಯೀದು?"

"ಮೋಸೆಸ್," ಅಂದ ರೂಫಸ್. ಅವನ ದನಿ ಸ್ವಲ್ಪ ಕುಗ್ಗಿತ್ತು.

"ದೇವರು ಮೋಸೆಸ್‌ನ ಚೆನ್ನಾಗಿಟ್ಟಿರಲಿ. ತಗೋ, ಇನ್ನೊಂದು ಬನ್ನು ತಿನ್ನು."

ಹುಟ್ಟಿದಾರಭ್ಯ ರೂಫಸ್‌ನ ಸುಳ್ಳನ್ನು ಪೂರ್ತಿಯಾಗಿ ನಂಬಿದ ಮೊದಲ ವ್ಯಕ್ತಿ ಆಕೆ. ನಗುವವರ ಮುಂದೆ ಸುಳ್ಳು ಹೇಳುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ನಂಬುವವರ ಮುಂದೆ ಹೇಳಿ ಅಭ್ಯಾಸವೇ ಇರಲಿಲ್ಲ. ಎರಡನೆಯ ಬನ್ನನ್ನು ಅವನು ಕೈಯಲ್ಲಿ ಅತ್ತಿತ್ತ ತಿರುಗಿಸಿ ನೋಡಿದ. ಆದರೂ ತಿಂದ, ಮೂರನೆಯದನ್ನೂ ತಿಂದ.

"ನಿಮ್ಮಿಂದ ಏನು ಕಿತ್ಕೊಂಡ್ರು, ತಾಯಿ?" ಎಂದು ಕೇಳಿದ, ಮಾತು ಬೇರೆ ಕಡೆಗೆ ಹೊರಳಲಿ ಎಂದು.

ವರ್ಲೀನ್ ಬುಟ್ಟಿಯನ್ನು ಕೆಳಗಿಟ್ಟು ಹೇಳಿದರು. ಕತೆ ದೊಡ್ಡದೇನಲ್ಲ. ಕಾರಿನ ಮೇಲೆ ಒಂದು ಸಾಲ ಮಾಡಿದ್ದರು, ತೀರಿಸಿಯೂ ಬಿಟ್ಟಿದ್ದರು. ಆದರೂ ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಕಾರಿಲ್ಲ. ಸಾಲ ಕೊಟ್ಟವರು ಎಳೆದುಕೊಂಡು ಹೋಗಿದ್ದರು. ತಂಗಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದದ್ದು ಅದೇ ಕಾರಿನಲ್ಲಿ. ಸಾಲದಂಗಡಿಗೆ ಹೋದರೆ ಬೇರೆ ಊರಿಗೆ ಫೋನ್ ಮಾಡಿ ಅಂದರು. ಅಲ್ಲಿಗೆ ಮಾಡಿದರೆ ಸಂಗೀತ ಕೇಳಿಸಿದರು. ಕೊನೆಗೆ ಪಾದ್ರಿಯ ಹೆಂಡತಿ ಹೇಳಿದಳೆಂದು ಈ ಕಚೇರಿಗೆ ದೂರು ಕೊಟ್ಟರು. ಅಲ್ಲಿನ ಹುಡುಗಿಯೊಬ್ಬಳು ತಾನಾಗಿಯೇ ಫೋನ್ ಮಾಡಿ, ತಂಗಿ ಈಗ ಹೇಗಿದ್ದಾಳೆ ಎಂದು ಮೊದಲು ಕೇಳಿ, ಆಮೇಲೆ ಕಾರಿನ ವಿಷಯ ಕೇಳಿದಳು. ಎರಡು ವಾರದಲ್ಲಿ ಕಾರು ಬಂತು. ಒಳಗೆ ಯಾರೋ ಸೇದಿ ಬಿಸಾಡಿದ ಸಿಗರೇಟಿನ ತುಂಡುಗಳಿದ್ದವು, ಅಷ್ಟೇ.

"ಈಗ ಆ ಹುಡುಗಿಗೆ ಫೋನ್ ಮಾಡಿದ್ರೆ ಎತ್ತೋರಿಲ್ಲ," ಅಂದರು ವರ್ಲೀನ್. "ಹೋಗ್ಲಿ ಅಂತ ಸುಮ್ನಿದ್ದೆ. ಆದ್ರೆ ಹೋದ ತಿಂಗಳು ಟೀವೀಲಿ ನಮ್ಮ ಸೆನೆಟರ್ ಹೊಲಿಫೀಲ್ಡ್ ಬಂದಿದ್ದ. ಈ ಸಮಿತಿಗೆ ಅವನೇ ಅಧ್ಯಕ್ಷನಂತೆ. 'ಈ ಕಚೇರಿಯಿಂದ ನಮ್ಮ ರಾಜ್ಯದಲ್ಲಿ ಒಬ್ಬರಿಗಾದ್ರೂ ಉಪಕಾರ ಆಗಿದ್ರೆ ತೋರಿಸಿ' ಅಂದ. ಅವನು ನಮ್ಮೂರ ಹುಡುಗ, ಮಗಾ. ಅವನ ಶಾಲೇಲಿ ಊಟ ಬಡಿಸ್ತಿದ್ದೋಳು ನಾನು. ಜೋಳದ ರೊಟ್ಟಿ ಇನ್ನೊಂದು ಹಾಕಿ ಮಿಸ್ ವರ್ಲೀನ್ ಅಂತ ದಿನಾ ತಟ್ಟೆ ಒಡ್ತಿದ್ದ. ನನ್ನ ಮುಖ ಅವನಿಗೆ ಮರೆತಿರಲ್ಲ. ತೋರಿಸಿ ಅಂದ್ನಲ್ಲ, ತೋರಿಸ್ಕೊಳ್ಳೋಕೆ ಬಂದೆ. ಮಾತಾಡೋಕೆ ನನಗೆ ಬಿಡಲ್ಲ ಅಂತ ಗೊತ್ತು. ಕಣ್ಣೆದುರಿಗೆ ಕೂತ್ರೆ ಸಾಕು."

ಅದಕ್ಕೇ ಆ ಟೋಪಿ. ಕುರುಡನಿಗೂ ಕಾಣಲಿ ಎಂದು.

ಅವರು ಸರತಿಯ ಹಿಂಬದಿಯನ್ನು ನೋಡಿದರು. ಅದು ಮೂಲೆ ತಿರುಗಿ, ಇನ್ನೊಂದು ಮೂಲೆ ತಿರುಗಿ, ಪಕ್ಕದ ರಾಜ್ಯದ ಗಡಿ ದಾಟಿಹೋಗಿತ್ತು. ಅಲ್ಲಿ ಹೋಗಿ ನಿಂತರೆ ಬಾಗಿಲಿನ ಹಿಡಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೆ ವರ್ಲೀನ್ ಅವರ ಮುಖದಲ್ಲಿ ಬೇಸರವಿರಲಿಲ್ಲ.

"ಪರವಾಗಿಲ್ಲ ಬಿಡು," ಅಂದರು. "ನಾನು ಒಳಗೆ ಹೋಗಲೇಬೇಕು ಅಂತೇನಿಲ್ಲ. ನೀವಿಷ್ಟು ಜನ ಹೋಗ್ತೀರಲ್ಲ. ಒಬ್ಬರನ್ನ ತೋರಿಸಿ ಅಂದೋನಿಗೆ ಇಡೀ ಕೋಣೆ ತುಂಬಾ ಕಾಣಿಸುತ್ತೆ. ಸಂದರ್ಭ ಸಿಕ್ಕಿದ್ರೆ ನೀನು ನಿನ್ನ ಮನೆ ವಿಷಯ ಹೇಳು, ಮೋಸೆಸ್ ವಿಷಯ ಹೇಳು. ನನಗಿಂತ ನೀನು ಚೆನ್ನಾಗಿ ಹೇಳ್ತೀಯ. ನಾನು ಚರ್ಚಿಗೆ ಫೋನ್ ಮಾಡಿ ಹೇಳಿಬಿಡ್ತೀನಿ, ನಮ್ಮೋರು ತುಂಬಾ ಜನ ಬಂದಿದಾರೆ, ಯೋಚನೆ ಮಾಡ್ಬೇಡಿ ಅಂತ. ಹತ್ತು ಗಂಟೆಗೆ ವಾಪಸ್ ಬಸ್ಸಿದೆ. ತಂಗಿ ಒಬ್ಬಳೇ ಇದಾಳೆ."

ಹೀಗೆಂದು ಅವನ ಕೆನ್ನೆ ತಟ್ಟಿ, ಫೋನ್ ಹಿಡಿದುಕೊಂಡು ಲಿಫ್ಟಿನ ಪಕ್ಕದ ಬೆಂಚಿನ ಕಡೆಗೆ ಹೋದರು.

ರೂಫಸ್ ಗೋಡೆ ನೋಡುತ್ತಾ ನಿಂತ.

"ಹೇಳು ಗುರುವೇ," ಅಂದ ಕ್ಲೀಟಸ್. "ಸೆನೆಟರ್ ಎದುರಿಗೆ ನಾಯಿ ಕತೆ ಎಲ್ಲಿಂದ ಶುರು ಮಾಡ್ತೀಯ?"

"ಬಾಯಿ ಮುಚ್ಕೋ."

"ನಾನೇನಂದೆ? ಮೂರು ಬನ್ನು ತಿಂದೋನು ನೀನು. ನಾನು ಒಂದೇ ತಿಂದಿದ್ದು, ಅದೂ ಸುಳ್ಳು ಹೇಳದೆ."

"ಅವರು ಎಲ್ಲಿ ನಿಂತಿದ್ರೂ ಒಳಗೆ ಹೋಗೋಕೆ ಆಗ್ತಿರ್ಲಿಲ್ಲ."

"ಅದು ನಿಜ. ಜಾಗ ಎಲ್ಲ ನಾವು ಹಿಡ್ಕೊಂಡಿದೀವಲ್ಲ."

ರೂಫಸ್‌ನ ರಿಪಬ್ಲಿಕನ್ ಕಾಲೂ ಡೆಮಾಕ್ರಾಟ್ ಕಾಲೂ ಒಟ್ಟಿಗೆ ನೋಯತೊಡಗಿದವು. ಆ ಊರಿನಲ್ಲಿ ಅವೆರಡು ಪಕ್ಷಗಳು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಬಾಗಿಲು ತೆರೆಯುವ ಹೊತ್ತು ಹತ್ತಿರವಾಯಿತು. ಸೂಟಿನವರು ಬರತೊಡಗಿದರು. ಒಬ್ಬೊಬ್ಬ ಸೂಟಿನವನು ಬಂದು ಒಬ್ಬೊಬ್ಬ ಕಂಬಳಿಯವನ ಭುಜ ಮುಟ್ಟಿದ. ಕಂಬಳಿಯವನು ಕುರ್ಚಿ ಮಡಚಿಕೊಂಡು ಹೊರಗೆ ಬಂದ, ಸೂಟಿನವನು ಒಳಗೆ ಸೇರಿದ. ಹಾವು ಪೊರೆ ಕಳಚಿದ ಹಾಗೆ ಸರತಿ ಬಾಲದಿಂದ ತಲೆಯವರೆಗೆ ಮಿರಮಿರ ಮಿಂಚುತ್ತಾ ಬಂತು. ಕ್ಲೀಟಸ್ ಕೂಡ ತನ್ನ ಜಾಗವನ್ನು ಒಬ್ಬ ಬೋಳುತಲೆಯವನಿಗೆ ಕೊಟ್ಟು ಗೋಡೆಗೆ ಒರಗಿದ.

ರೂಫಸ್‌ನ ಜಾಗಕ್ಕೆ ಬಂದವನು ಬ್ರೆಂಟ್ ಎಂಬ ಎಳೆಯ ಹುಡುಗ. ಸಂಘದ ಕೆಲಸಕ್ಕೆ ಹೊಸಬ. ಟೈ ಅವನನ್ನು ಕಟ್ಟಿಕೊಂಡಿತ್ತೋ ಅವನು ಟೈಯನ್ನು ಕಟ್ಟಿಕೊಂಡಿದ್ದನೋ ಹೇಳುವುದು ಕಷ್ಟ.

"ಥ್ಯಾಂಕ್ಸ್ ಮಿಸ್ಟರ್ ಪೆಟ್ಟವೇ. ನಾನು ನಿಂತ್ಕೋತೀನಿ."

"ಆಗಲ್ಲಪ್ಪ," ಅಂದ ರೂಫಸ್.

"ಏನಾಗಲ್ಲ?"

"ಕಾಲು ಹಿಡ್ಕೊಂಡುಬಿಟ್ಟಿದೆ. ನೆಲದೊಳಕ್ಕೆ ಬೇರು ಇಳಿದಿದೆ. ಈಗ ಎತ್ತಿದ್ರೆ ಈ ಅಮೃತಶಿಲೆ ಚಪ್ಪಡಿ ಸಮೇತ ಬರುತ್ತೆ, ಕೆಳಗಡೆ ಅಂತಸ್ತಿನೋರಿಗೆ ಆಕಾಶ ಕಾಣುತ್ತೆ. ಸರ್ಕಾರಿ ಆಸ್ತಿ ನಷ್ಟ ಆಗುತ್ತೆ. ನೀನು ಸಹಿ ಹಾಕ್ತೀಯ ಅದಕ್ಕೆ?"

"ಸರ್, ದಯವಿಟ್ಟು. ನಾನು ಒಳಗಿಲ್ಲ ಅಂತ ನಮ್ಮ ಬಾಸ್‌ಗೆ ಗೊತ್ತಾದ್ರೆ ಚರ್ಮ ಸುಲಿದು ಒಣಗ್ಹಾಕ್ತಾರೆ."

"ಎಳೇ ಚರ್ಮ. ಬೇಗ ಒಣಗುತ್ತೆ."

ಬ್ರೆಂಟ್ ಅವನ ತೋಳು ಹಿಡಿದು ಮೆಲ್ಲಗೆ ಎಳೆದ. ಆ ಹೊತ್ತಿಗೆ ಸರಿಯಾಗಿ ಹಳದಿ ಟೋಪಿ ಮೂಲೆ ತಿರುಗಿ ಬಂತು. ಹೋಗುವ ಮೊದಲು ಎಲ್ಲರಿಗೂ ಒಂದು ಮಾತು ಹೇಳಿ ಹೋಗೋಣವೆಂದು ಬಂದಿದ್ದ ವರ್ಲೀನ್ ಸರತಿಯನ್ನು ನೋಡಿದರು. ತಮ್ಮವರು ಒಬ್ಬರೂ ಅಲ್ಲಿಲ್ಲ. ಎಲ್ಲರೂ ಗೋಡೆಯ ಬದಿಗೆ ಸರಿದು ನಿಂತಿದ್ದಾರೆ, ಅವರ ಜಾಗದಲ್ಲೆಲ್ಲ ಸೂಟುಗಳು. ಉಳಿದ ಒಬ್ಬನನ್ನೂ ಒಬ್ಬ ಎಳೆಯುತ್ತಿದ್ದಾನೆ. ಅವರು ಅರ್ಥ ಮಾಡಿಕೊಂಡದ್ದು ಮತ್ತೆ ಅಷ್ಟೇ ಸರಳ: ಉಳ್ಳವರು ಬಂದು ಬಡವರನ್ನು ಹೊರಕ್ಕೆ ತಳ್ಳಿದ್ದಾರೆ.

"ಕೈ ತೆಗಿ ಅವನ ಮೇಲಿಂದ," ಅಂದರು.

ದೊಡ್ಡ ದನಿಯಲ್ಲಿ ಹೇಳಲಿಲ್ಲ. ಶಾಲೆಯ ಊಟದ ಮನೆಯಲ್ಲಿ ಸಾಲು ಮುರಿದ ಹುಡುಗನಿಗೆ ಹೇಳುವ ದನಿ ಅದು. ಬ್ರೆಂಟ್ ತಕ್ಷಣ ಕೈ ತೆಗೆದ. ಮುಂದಿನ ಮತ್ತು ಹಿಂದಿನ ಸೂಟುಗಳೂ ಯಾವ ತಪ್ಪೂ ಮಾಡದೆ ನೆಟ್ಟಗೆ ನಿಂತವು.

"ನಾಚಿಕೆ ಆಗಲ್ವ ನಿಮಗೆ? ಸೂರ್ಯ ಹುಟ್ಟೋ ಮುಂಚಿಂದ ಕಾಯ್ತಿದಾನೆ ಈ ಮನುಷ್ಯ. ಮನೆ ಕಳ್ಕೊಂಡೋನು. ನಿಮ್ಮಂಥೋರು ಅವನ ನಾಯೀನೂ ಬಿಡಲಿಲ್ಲ."

ಬ್ರೆಂಟ್ ರೂಫಸ್‌ನನ್ನು ನೋಡಿದ. ಆಮೇಲೆ ವರ್ಲೀನ್ ಅವರನ್ನು ನೋಡಿದ. "ಮ್ಯಾಡಮ್, ಯಾವ ಮನೆ? ಇವರು ನಮಗೋಸ್ಕರಾನೇ ನಿಂತಿರೋದು. ನಾವು ದುಡ್ಡು ಕೊಟ್ಟಿದೀವಿ. ಇವರೆಲ್ಲ..." ಅವನು ಗೋಡೆಯ ಬದಿಗೆ ಕೈ ತೋರಿಸಿದ. "ಇವರೆಲ್ಲಾರ್ಗೂ."

ವರ್ಲೀನ್ ಗೋಡೆಯ ಬದಿಗೆ ನೋಡಿದರು. ಬನ್ನು ತಿಂದವರೆಲ್ಲ ತಮ್ಮ ತಮ್ಮ ಬೂಟಿನ ತುದಿ ನೋಡುತ್ತಿದ್ದರು. ಕೊನೆಗೆ ಅವರು ರೂಫಸ್‌ನ ಕಡೆಗೆ ತಿರುಗಿದರು.

ಈ ಕ್ಷಣಕ್ಕೆ ರೂಫಸ್‌ನ ಬಳಿ ನೂರು ಸುಳ್ಳುಗಳು ಸಿದ್ಧವಿದ್ದವು. ಅವು ಒಂದನ್ನೊಂದು ನೂಕುತ್ತಾ ನಾಲಿಗೆಯ ತುದಿಯವರೆಗೂ ಬಂದವು. ಯಾವುದೂ ಹೊರಗೆ ಬರಲಿಲ್ಲ.

"ಮನೆ ಇರಲಿಲ್ಲ, ತಾಯಿ," ಅಂದ. "ಅಕ್ಕನ ಮನೇಲಿ ಒಂದು ರೂಮಿದೆ. ನಾಯೀನೂ ಇರಲಿಲ್ಲ. ಅಕ್ಕನಿಗೆ ನಾಯಿ ಕಂಡ್ರೆ ಆಗಲ್ಲ."

"ಇವರಿಗೋಸ್ಕರ ನಿಂತಿದ್ಯಾ?"

"ಹೂಂ."

"ಅವರೆಲ್ಲಾರೂ?"

"ಎಲ್ಲಾರೂ."

ವರ್ಲೀನ್ ಕೈಯಲ್ಲಿದ್ದ ಫೋನನ್ನು ನೋಡಿದರು. ಟೋಪಿಯ ಗರಿ ಅಲುಗುತ್ತಿತ್ತು. "ಚರ್ಚಿಗೆ ಫೋನ್ ಮಾಡಿ ಹೇಳಿಬಿಟ್ನಲ್ಲೋ," ಅಂದರು. "ನಮ್ಮೋರು ತುಂಬಾ ಜನ ಬಂದಿದಾರೆ ಅಂತ. ಪಾದ್ರಿಗಳು ಮೈಕಲ್ಲಿ ಹೇಳ್ತೀನಿ ಅಂದ್ರು."

ಬೈದಿದ್ದರೆ ರೂಫಸ್ ತಡೆದುಕೊಳ್ಳುತ್ತಿದ್ದ. ಒಮ್ಮೆ ಸಿಡಿಲು ಬಡಿದಾಗಲೂ ಅವನು ಸರತಿ ಬಿಟ್ಟಿರಲಿಲ್ಲ. ಈ ಮಾತಿಗೆ ಒಂದು ಹೆಜ್ಜೆ ಹಿಂದೆ ಸರಿದ. ಸರಿದ ಮೇಲೆ ತಾನು ಸರಿದದ್ದು ಅವನಿಗೇ ತಿಳಿಯಿತು. ಸರತಿಯಲ್ಲಿ ಒಬ್ಬ ಮನುಷ್ಯನಷ್ಟು ಖಾಲಿ ಜಾಗ ಬಿದ್ದಿತು. ಬ್ರೆಂಟ್ ಅದರೊಳಕ್ಕೆ ಕಾಲಿಡಲು ಹೋದ. ರೂಫಸ್ ಅವನ ಎದೆಗೆ ಕೈ ಅಡ್ಡ ಇಟ್ಟ.

"ಜಾಗ ಹಿಡಿದೋನು ಕೊಟ್ಟೋರಿಗೆ ಜಾಗ," ಅಂದ. "ಇಲ್ಲಿನ ಕಾನೂನು ಅದೊಂದೇ. ಬನ್ನಿ ತಾಯಿ, ನಿಂತ್ಕೊಳ್ಳಿ."

"ಮಿಸ್ಟರ್ ಪೆಟ್ಟವೇ, ನಿಮ್ಮನ್ನ ಇನ್ಯಾವತ್ತೂ ಕರೆಯಲ್ಲ ಇವರು," ಅಂದ ಬ್ರೆಂಟ್. ಬೆದರಿಕೆಯಲ್ಲ, ಅವನಿಗೆ ನಿಜಕ್ಕೂ ಕನಿಕರವಿತ್ತು. "ನಮ್ಮೂರಲ್ಲಿ ಎರಡು ಸಾಲದಂಗಡಿ ಇತ್ತು, ಗೊತ್ತಾ? ಈ ಕಚೇರಿಯೋರ ನಿಯಮ ತಡೀಲಾರದೆ ಎರಡೂ ಮುಚ್ಚಿಹೋದ್ವು. ಈಗ ನಮ್ಮಮ್ಮ ಕೈ ಸಾಲಕ್ಕೆ ಪೆಟ್ರೋಲ್ ಬಂಕ್ ಹಿಂದಿರೋ ರೌಡಿ ಹತ್ರ ಹೋಗ್ತಾಳೆ. ನಾನೇನು ಸುಮ್ನೆ ಈ ಕೆಲಸಕ್ಕೆ ಸೇರಿಲ್ಲ."

ವರ್ಲೀನ್ ಅವನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಅದನ್ನೂ ಹೇಳಬೇಕಾದ್ದೇ, ಕಂದಾ," ಅಂದರು. "ನೀನೂ ಬೆಳಿಗ್ಗೆ ಬೇಗ ಎದ್ದು ಬಂದು ನಿಂತಿದ್ರೆ 'ಈ ಹುಡುಗನ ಅಮ್ಮನ್ನೂ ನೋಡು' ಅಂತ ನಾನೇ ಆ ಸೆನೆಟರ್‌ಗೆ ಹೇಳ್ತಿದ್ದೆ." ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದು ಬನ್ನನ್ನು ಅವನ ಕೈಗಿಟ್ಟು, ರೂಫಸ್‌ನ ಮುಖ ನೋಡದೆ, ಖಾಲಿ ಜಾಗದಲ್ಲಿ ಹೋಗಿ ನಿಂತರು.

ಬಾಗಿಲು ತೆರೆಯಿತು.

ಅವರು ಒಳಗೆ ಕಾಲಿಟ್ಟ ಕೂಡಲೇ ಕೋಣೆಯಲ್ಲಿ ಸೂರ್ಯೋದಯವಾಯಿತು. ಹಳದಿ ಬೆಳಕು ಎದುರಿನ ಎತ್ತರದ ಪೀಠದ ಮೇಲೆ ಬಿದ್ದಿತು. ಅಧ್ಯಕ್ಷ ಸೆನೆಟರ್ ಹೊಲಿಫೀಲ್ಡ್ ಕಣ್ಣೆತ್ತಿ ನೋಡಿದ. ಸಭೆ ಶುರುಮಾಡಲು ಮೇಜು ಕುಟ್ಟುವ ಸುತ್ತಿಗೆ ಕೈಯಿಂದ ಜಾರಿ ಕಾಲಿನ ಮೇಲೆ ಬಿತ್ತು, ನೋವು ಗೊತ್ತಾಗಲಿಲ್ಲ. "ಮಿಸ್ ವರ್ಲೀನ್," ಅಂದ, ಹತ್ತು ವರ್ಷದ ಹುಡುಗನ ದನಿಯಲ್ಲಿ. ಪೀಠ ಇಳಿದು ಬಂದ. ಎರಡೂ ಪಕ್ಷದವರು ಎದ್ದು ನಿಂತರು. ಆನೆ ಕತ್ತೆಯನ್ನು ತಬ್ಬಿಕೊಂಡಿತು. ಮಸೂದೆಯನ್ನು ಹೊಲಿಫೀಲ್ಡ್ ತನ್ನ ಕೈಯಾರೆ ಹರಿದು, ಚೂರುಗಳನ್ನು ಜೇಬಿಗೆ ಹಾಕಿಕೊಂಡು, ಕಚೇರಿಯ ಬೀಗದ ಕೈಯನ್ನು ಅವರ ಕೈಗೆ...

"ಲೋ ರೂಫಸ್," ಅಂದ ಕ್ಲೀಟಸ್.

ಇದು ಕೆಲವು ವಾರಗಳಾದ ಮೇಲಿನ ಮಾತು. ಅದೇ ಮೊಗಸಾಲೆ, ಅದೇ ಕಚೇರಿಯ ಮೇಲಿನ ಮುಂದಿನ ವಿಚಾರಣೆ. ರೂಫಸ್ ಸರತಿಯ ಮೊಟ್ಟಮೊದಲ ಜಾಗದಲ್ಲಿ ನಿಂತು, ಸುತ್ತಲಿನ ಕಂಬಳಿಯವರಿಗೆ ಕೈ ಆಡಿಸುತ್ತಾ ಹೇಳುತ್ತಿದ್ದ.

"ಏನೋ?"

"ಬಾಗಿಲು ಮುಚ್ಚಿದಾಗ ನೀನು ಹೊರಗೆ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಿದ್ದೆ."

"ಬೀಗದ ತೂತಿಂದ ನೋಡಿದೆ."

"ಆ ಬಾಗಿಲಿಗೆ ಬೀಗದ ತೂತಿಲ್ಲ."

ಸುತ್ತ ಇದ್ದವರು ನಕ್ಕರು. ರೂಫಸ್ ಟೋಪಿ ಸರಿಮಾಡಿಕೊಂಡ.

"ಇನ್ನೊಂದು ಕೇಳ್ತೀನಿ," ಅಂದ ಕ್ಲೀಟಸ್. "ಸಂಘದೋರು ನಿನ್ನ ಕೈ ಬಿಟ್ರು. ವಿಮಾನದೋರೂ ಕರೀತಿಲ್ಲ. ಇವತ್ತು ನಿನ್ನ ಕಾಲು ಬಾಡಿಗೆಗೆ ತಗೊಂಡಿರೋರು ಯಾರು?"

"ದೊಡ್ಡ ಗಿರಾಕಿ. ಹೆಸರು ಹೇಳೋ ಹಾಗಿಲ್ಲ. ಹೇಳಿದ್ರೆ ಷೇರುಪೇಟೆ ಬಿದ್ದುಹೋಗುತ್ತೆ."

"ಗಂಟೆಗೆ ಎಷ್ಟು ಕೊಡ್ತಾರೆ?"

ರೂಫಸ್ ಬಾಯಿ ತೆರೆದ. ಕ್ಲೀಟಸ್ ಅವನನ್ನೇ ನೋಡುತ್ತಿದ್ದ. ಈ ಸಲ ನಗುತ್ತಿರಲಿಲ್ಲ. ರೂಫಸ್ ಬಾಯಿ ಮುಚ್ಚಿ, ಗೋಡೆಗೆ ಒರಗಿ, ಬೇರೆಯವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದ:

"ಆ ಹೊಲಿಫೀಲ್ಡ್ ತಲೇನೇ ಎತ್ತಲಿಲ್ಲವಂತೆ ಕಣೋ. ಹೊರಗೆ ಬಂದ ಮೇಲೆ ಮಿಸ್ ವರ್ಲೀನೇ ಹೇಳಿದ್ರು. ಪೂರ್ತಿ ಹೊತ್ತು ಮುಂದಿದ್ದ ಕಾಗದ ಓದ್ತಾ ಕೂತಿದ್ದ. ಹಿಂದಿನೋರಿಗೆ ಕಾಣಲ್ಲ ಅಂತ ಟೋಪಿ ತೆಗೆಸಿಬಿಟ್ರು, ತೊಡೆ ಮೇಲೆ ಇಟ್ಕೊಂಡಿದ್ರು. ಮಸೂದೆ ತಡೆಯಿಲ್ಲದೆ ಮುಂದಿನ ಹಂತಕ್ಕೆ ದಾಟ್ತು. ಹತ್ತು ಗಂಟೆ ಬಸ್ಸೂ ತಪ್ಪಿತ್ತು. ಮುಂದಿನ ಬಸ್ಸು ಬರೋವರ್ಗೂ ಜೊತೇಲಿ ಕೂತಿದ್ದೆ. ಅಳ್ತಾರೇನೋ ಅಂದ್ಕೊಂಡೆ, ಅಳಲಿಲ್ಲ. ನನ್ನ ಮುಖಾನೂ ನೋಡಲಿಲ್ಲ. ಬಸ್ ಹತ್ತೋವಾಗ ಮಾತ್ರ ಅಂದ್ರು, ಮೊದಲನೇ ಕುರ್ಚಿ ಅವನು ಎದ್ದು ಹೋಗೋ ಬಾಗಿಲ ಪಕ್ಕದಲ್ಲಿದೆ, ಅಲ್ಲಿ ಕೂತ್ರೆ ಮುಖ ನೋಡದೆ ಹೋಗೋಕಾಗಲ್ಲ, ಅಂತ. ಆ ಕುರ್ಚಿ ಸಿಗಬೇಕಾದ್ರೆ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಿದ್ರು. ಅವರೂರಿನ ಬಸ್ಸು ಇಲ್ಲಿಗೆ ಬರೋದೇ ಎಂಟಕ್ಕೆ, ಕ್ಲೀಟಸ್. ನಾನೇನು ಹೇಳ್ಲಿ? ನೀವು ನಿಧಾನಕ್ಕೆ ಬನ್ನಿ ಅಂದೆ. ಯಾರೂ ಏನೂ ಕೊಡ್ತಿಲ್ಲ ಕಣೋ. ಅವರ ಜಾಗ ಇದು, ಹಿಡ್ಕೊಂಡು ನಿಂತಿದೀನಿ."